ನಾವು ಕಂಪ್ಯೂಟರ್ ಜೋಡಿಸಿದ್ದು

ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಗುಮಾಸ್ತಿಕೆ ಮಾಡಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾವ ಸಾಮಾನು ಬೇಕಾದರೂ ಮೂರು ಕೊಟೇಶನ್ ತರಿಸಿ, ಎಲ್ಲರಿಗಿಂತ ಕಡಿಮೆ ದರದವನಿಗೆ ಆರ್ಡರು ಕೊಡುವುದು. ಮೆಹದಿಪಟ್ಟಣಂ ರೈತುಬಜಾರಿನಲ್ಲಿ ದರದ ಹಲಗೆ ಕಣ್ಣೆದುರಿಗೇ ಇದ್ದರೂ ನಾವು ಮೂರು ಕಡೆ ವಿಚಾರಿಸದೆ ಚೀಲ ಬಿಚ್ಚುವವರಲ್ಲ. 2021ರಲ್ಲಿ ನಮ್ಮ ಮನೆಗೆ ಒಂದು ಕಂಪ್ಯೂಟರನ್ನು ನಾವೇ ಜೋಡಿಸಿದ್ದೂ ಇದೇ ಪದ್ಧತಿಯಿಂದ. ಅದರಿಂದಾದ ಲಾಭನಷ್ಟಗಳ ಲೆಕ್ಕವನ್ನು ಬಂಧುಗಳ ಮುಂದೆ ಇಡುತ್ತೇವೆ.

ಮೂಲ ಕಾರಣ ನಮ್ಮ ಅವ್ವ. ಕಲಬುರಗಿ ಸೀಮೆಯಿಂದ ಬಂದು ನಮ್ಮೊಡನಿರುವ ಅವ್ವನಿಗೆ ಮೈಸೂರಿನ ಜಂಬೂಸವಾರಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂಬ ಆಸೆ. ಚಂದನ ವಾಹಿನಿಯವರು ಅದನ್ನು ನೇರವಾಗಿ ತೋರಿಸುತ್ತಾರೆ, ನಿಜ. ಆದರೆ ವಿಜಯದಶಮಿಯ ದಿನ ನಮ್ಮವರು ಬನ್ನಿ ಎಂದೂ ಇಲ್ಲಿಯವರು ಜಮ್ಮಿ ಎಂದೂ ಎಲೆ ಹಿಡಿದು 'ಬಂಗಾರ' ಹಂಚಲು ಬರುತ್ತಾರೆ. ಆನೆ ಅರಮನೆಯಿಂದ ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲಲ್ಲಿ ಗಂಟೆ ಬಾರಿಸುತ್ತದೆ. "ಅಂಬಾರಿ ಬರೂದ್ರಾಗ ನಂದು ಚಹಾ ಕಾಸೂದೇ ಆಗ್ತದ ನೋಡು" ಎಂದು ಅವ್ವ ಪ್ರತಿ ವರ್ಷವೂ ಹೇಳುವಳು. ಟೀವಿಯಲ್ಲಿ ಬಂದದ್ದನ್ನು ಹಿಡಿದಿಟ್ಟು ಬೇಕಾದಾಗ ತೋರಿಸುವ ಯಂತ್ರವೊಂದು ಮನೆಯಲ್ಲಿರಲಿ ಎಂದು ನಾವು ನಿಶ್ಚಯಿಸಿದೆವು.

ಮನೆಯಾಕೆ 18,000 ರೂಪಾಯಿ ಮಂಜೂರು ಮಾಡಿದಳು. ಒಂದು ಶನಿವಾರ 49ಎಂ ಬಸ್ಸು ಹಿಡಿದು ಸಿಕಂದರಾಬಾದಿಗೆ ಹೋದೆವು. ಅಲ್ಲಿ ಪಾರ್ಕ್ ಲೇನಿನ ಚಿನಾಯ್ ಟ್ರೇಡ್ ಸೆಂಟರ್ ಎಂಬುದು ಕಂಪ್ಯೂಟರಿನ ಬಿಡಿಭಾಗಗಳ ದೊಡ್ಡ ಪೇಟೆ. ಯಾವುದೋ ಕಂಪೆನಿಯಲ್ಲಿ ದುಡಿದು ನಿವೃತ್ತವಾದ ಐ5 ಪ್ರೊಸೆಸರಿನ ಒಂದು ಪೆಟ್ಟಿಗೆ 9,000ಕ್ಕೆ ಸಿಕ್ಕಿತು. ಹೊಸದೇಕೆ ಬೇಡವೆಂದರೆ, 2011ರಿಂದ ಈಚೆಗೆ ಬಂದ ಇಂಟೆಲ್ ಪ್ರೊಸೆಸರುಗಳಲ್ಲಿ ಹೆಚ್ಚಿನವುಗಳೊಳಗೆ ವಿಡಿಯೋವನ್ನು ಅಡಕ ಮಾಡಲೆಂದೇ 'ಕ್ವಿಕ್ ಸಿಂಕ್' ಎಂಬ ಒಂದು ಅಂಗವಿರುತ್ತದೆ; ದುಬಾರಿ ಗ್ರಾಫಿಕ್ಸ್ ಕಾರ್ಡಿನ ಹಂಗಿಲ್ಲ. ಡಿಶ್‌ನಿಂದ ಟೀವಿ ಹಿಡಿಯುವ ಹಳೆಯ ಟ್ಯೂನರ್ ಕಾರ್ಡಿಗೆ 2,400, ಸಾಫ್ಟ್‌ವೇರ್ ಇಡಲು ಸಣ್ಣ ಎಸ್ಎಸ್‌ಡಿಗೆ 1,800, ಕ್ಯಾಮೆರಾದ ಚಿತ್ರವನ್ನು ಒಳಕ್ಕೆ ತರುವ ಎಚ್‌ಡಿಎಂಐ ಕ್ಯಾಪ್ಚರ್ ತುಂಡಿಗೆ 1,100, ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕಿಗೆ 3,200. ಒಟ್ಟು 17,500. ಉಬುಂಟು, ಕೋಡಿ, ಒಬಿಎಸ್ ಎಂಬ ಸಾಫ್ಟ್‌ವೇರುಗಳು ಧರ್ಮಾರ್ಥ.

ಅಂಗಡಿಯ ಹುಡುಗ, "ಸಾಬ್, ಬ್ಯಾಕಪ್ಪಿಗೆ ಇನ್ನೊಂದು ಡಿಸ್ಕು ತೊಗೊಳ್ಳಿ" ಎಂದು ಉರ್ದುವಿನಲ್ಲಿ ಹೇಳಿದ. ಒಂದೇ ಸಾಮಾನಿಗೆ ಎರಡು ಸಲ ಬಿಲ್ಲು ಪಾಸು ಮಾಡುವ ಗುಮಾಸ್ತನುಂಟೆ? ನಕ್ಕು ಹೊರಟುಬಂದೆವು.

ದೂರದರ್ಶನದ ಉಚಿತ ಡಿಶ್ ಸೇವೆ 2004ರಿಂದ ಇದೆ, ತಿಂಗಳ ಬಾಡಿಗೆಯಿಲ್ಲ. ಮನೆಯೊಡೆಯರ ಅಪ್ಪಣೆ ಪಡೆದು ಮಹಡಿಯ ಮೇಲೆ ತಟ್ಟೆ ಕೂರಿಸಿದೆವು. ಹಣ ಕೊಟ್ಟು ನೋಡುವ ಸೆಟ್‌ಟಾಪ್ ಪೆಟ್ಟಿಗೆಯ ಚಿತ್ರಕ್ಕೆ ನಕಲು ತಡೆಯುವ ಬೀಗವಿರುತ್ತದೆ. ಬೀಗ ಒಡೆಯುವುದು ನಮ್ಮ ವೃತ್ತಿಗೆ ಒಪ್ಪುವಂಥದ್ದಲ್ಲವಾದುದರಿಂದ ಆ ಗೋಜಿಗೆ ಹೋಗಲಿಲ್ಲ. ಆ ವರ್ಷ ಕೋವಿಡ್ಡಿನ ದೆಸೆಯಿಂದ ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. ಅಭಿಮನ್ಯು ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತು ನಡೆದದ್ದನ್ನು ಅವ್ವ ಮರುದಿನ ನೆಮ್ಮದಿಯಾಗಿ ಎರಡು ಸಲ ನೋಡಿದಳು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಭಾವಮೈದುನನ ಹಳೆಯ ಹ್ಯಾಂಡಿಕ್ಯಾಮ್ ಒಂದು ಮನೆಯಲ್ಲಿ ಬಿದ್ದಿತ್ತು. ಕಾರ್ಡು ಕೂಡಿಸುವ ಕಿಂಡಿ ಕೆಟ್ಟಿದ್ದರೂ ಕಣ್ಣು ಚೆನ್ನಾಗಿತ್ತು. ಒಂದು ಭಾನುವಾರ ಅದನ್ನು ಯಂತ್ರಕ್ಕೆ ಜೋಡಿಸಿ, ಅವ್ವನನ್ನು ಎದುರಿಗೆ ಕೂರಿಸಿ, ಬೀಸುವ ಪದ ಹೇಳೆಂದೆವು. ಆಗ ಒಂದು ವಿನೋದ ಹೊಳೆಯಿತು. ಮೈಸೂರಿನ ಮೆರವಣಿಗೆ ನಮ್ಮ ಪೆಟ್ಟಿಗೆಗೆ ಬಂದದ್ದು 576 ಗೆರೆಗಳ ಚಿತ್ರವಾಗಿ; ನಮ್ಮ ಅವ್ವ ಬಂದದ್ದು 1080 ಗೆರೆಗಳಲ್ಲಿ! ಅಂಥ ಒಂದು ಚಿತ್ರದಲ್ಲಿ 20,73,600 ಚುಕ್ಕೆಗಳು. ಸೆಕೆಂಡಿಗೆ ಅಂಥ 30 ಚಿತ್ರ. ಇದ್ದದ್ದನ್ನು ಇದ್ದಂತೆ ಬರೆದರೆ ನಮ್ಮ ಡಿಸ್ಕು ಒಂದೂವರೆ ಗಂಟೆಯಲ್ಲಿ ತುಂಬಿಹೋಗುತ್ತದೆ. ಕ್ವಿಕ್ ಸಿಂಕ್ ಅಡಕ ಮಾಡಿದ ಮೇಲೆ ಗಂಟೆಗೆ 3.6 ಗಿಗಾಬೈಟ್ ಸಾಕಾಯಿತು. ದೊಡ್ಡ ಪರದೆಯಲ್ಲಿ ತನ್ನ ಮುಖ ನೋಡಿ ಅವ್ವ, "ಇಷ್ಟು ಸುಕ್ಕು ಯಾಕ ತೋರಸ್ತಿಯೋ ತಮ್ಮಾ" ಎಂದಳು.

ಎಂಟು ಭಾನುವಾರ ಹೀಗೆ ನಡೆಯಿತು. ಬೀಸುವ ಪದ, ಸೋಬಾನೆ ಪದ, ಊರಿನ ಕಥೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಧ್ವನಿಯ ಮಟ್ಟ ನೋಡುವ ಕೆಲಸ ನಮ್ಮ ಹನ್ನೊಂದು ವರ್ಷದ ಮಗಳದು. ಶಾಲೆಯಲ್ಲಿ ತೆಲುಗು, ಇಂಗ್ಲಿಷು, ಓಣಿಯಲ್ಲಿ ಉರ್ದು ಆಡುವ ಹುಡುಗಿ ಅಜ್ಜಿಯ ಪದಗಳ ಅರ್ಥ ಕೇಳತೊಡಗಿದಳು.

2022ರ ಚಳಿಗಾಲದಲ್ಲಿ ಅವ್ವ ಕಾಯಿಲೆ ಬಿದ್ದೆದ್ದಳು. ಧ್ವನಿ ಕುಗ್ಗಿತು, ನೆನಪೂ ಅಲ್ಲಲ್ಲಿ ತಪ್ಪತೊಡಗಿತು. ಮುಂದಿನ ಮಾರ್ಚಿನಲ್ಲಿ ಒಂದು ರಾತ್ರಿ ಯಂತ್ರದೊಳಗಿಂದ ಟಿಕ್ ಟಿಕ್ ಎಂಬ ಸದ್ದು. ಬೆಳಗಾಗುವುದರೊಳಗೆ ಡಿಸ್ಕು ತೀರಿಹೋಗಿತ್ತು. ಮಾಹಿತಿ ಹೊರತೆಗೆಯುವವರು ಕೇಳಿದ ದರ ನಮ್ಮ ಇಡೀ ಯಂತ್ರದ ಬೆಲೆಯನ್ನು ಮೀರಿತ್ತು, ಮೇಲಾಗಿ ಭರವಸೆಯಿಲ್ಲವೆಂದರು. ಜಂಬೂಸವಾರಿ ಬರುವ ವರ್ಷವೂ ಹೊರಡುತ್ತದೆ. ಅವ್ವನ ಆ ಧ್ವನಿ ಎಲ್ಲಿಂದ ತರೋಣ? ಮನೆಯಾಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎರಡು ದಿನ ಅವ್ವನಿಗೆ ಮುಖ ತೋರಿಸಲಾರದೆ ತಿರುಗಿದೆವು. ಕೊನೆಗೆ ಹೇಳಿದಾಗ ಅವಳು, "ಡಬ್ಬಿ ಹೋದ್ರ ಹೋಗ್ಲಿ ಬಿಡೋ. ನಾ ಇನ್ನಾ ಇದ್ದೀನಲ್ಲ?" ಎಂದಳು.

ಮತ್ತೆ ಕ್ಯಾಮೆರಾ ಹೂಡಿದೆವು. ಅವ್ವನಿಗೆ ಉಸಿರು ಸಾಲದು; ಎರಡು ನುಡಿ ಹೇಳಿ ಮೂರನೆಯದಕ್ಕೆ ತಡವರಿಸಿ ನಿಂತಳು. ಹೆಡ್‌ಫೋನ್ ಹಾಕಿಕೊಂಡಿದ್ದ ಮಗಳು ತಲೆಯೆತ್ತದೆಯೇ ಆ ಮೂರನೆಯ ನುಡಿಯನ್ನು ಹಾಡಿದಳು. ಅವಳಿಗೆ ಎಲ್ಲ ಪದಗಳೂ ಬರುವುದಿಲ್ಲ, ಎಣಿಸಿದರೆ ನಾಲ್ಕು. ಉಳಿದವುಗಳಲ್ಲಿ ಅವ್ವನಿಗೆ ನೆನಪಿದ್ದಷ್ಟನ್ನು ಹಿಡಿದೆವು, ಹಲವು ಹೋದುವು.

ಈಗ ನಮ್ಮಲ್ಲಿ ಮೂರು ಪ್ರತಿಗಳಿವೆ: ಒಂದು ಯಂತ್ರದಲ್ಲಿ, ಒಂದು ಬೀರುವಿನೊಳಗಿನ ಬೇರೆ ಡಿಸ್ಕಿನಲ್ಲಿ, ಇನ್ನೊಂದು ಕಲಬುರಗಿಯಲ್ಲಿರುವ ತಂಗಿಯ ಮನೆಯಲ್ಲಿ. ಯಂತ್ರ ಕಟ್ಟುವ ಬಂಧುಗಳು ಪ್ರೊಸೆಸರಿನಲ್ಲಿ ಉಳಿಸಲಿ, ಪೆಟ್ಟಿಗೆಯಲ್ಲಿ ಉಳಿಸಲಿ. ಎರಡನೆಯ ಡಿಸ್ಕಿನಲ್ಲಿ ಮಾತ್ರ ಉಳಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಎದುರಿಗೆ ಕೂಡಿಸಿಕೊಳ್ಳಿ. ಹೆಡ್‌ಫೋನನ್ನು ಮಕ್ಕಳ ಕಿವಿಗೆ ಕೊಡಿ.