ಮುಳ್ಳಿನ ಹಾಡು, ಅಂಕಿಯ ಹಾಡು

ತಂದೆಯವರ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದುದು ಒಂದು ರೆಕಾರ್ಡ್ ಪ್ಲೇಯರ್ ಹಾಗೂ ನಲವತ್ತು ಧ್ವನಿಮುದ್ರಿಕೆಗಳು. ನಮ್ಮ ಮನೆಯಲ್ಲಿ ಅವಕ್ಕೆ ‘ತಟ್ಟೆ’ ಎಂದೇ ಹೆಸರು. ಸಂಜೆ ಕೈಕಾಲು ತೊಳೆದು ಬಂದು, ತಟ್ಟೆಯನ್ನು ಅಂಚಿನಲ್ಲಷ್ಟೇ ಹಿಡಿದು, ಮೆತ್ತನೆಯ ಬಟ್ಟೆಯಿಂದ ಒರಸಿ, ಅವರು ಮುಳ್ಳನ್ನು ಮೆಲ್ಲನೆ ಇಳಿಸುತ್ತಿದ್ದರು. ಹಾಡಿಗೆ ಮೊದಲು ಬರುವ ಚರಚರ ಸದ್ದು ಕೇಳಿದೊಡನೆಯೇ ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು.

ಎಂಟು ವರ್ಷದವನಿದ್ದಾಗ, ತಂದೆಯವರಿಲ್ಲದ ಹೊತ್ತಿನಲ್ಲಿ ಮುಳ್ಳನ್ನು ಎಳೆದಾಡಿ ಒಂದು ತಟ್ಟೆಗೆ ಗೀರು ಬೀಳಿಸಿದೆ. ಅಂದಿನ ಸಂಜೆ ಪಲ್ಲವಿಯ ನಡುವೆ, ತಟ್ಟೆ ಸುತ್ತಿದಷ್ಟು ಸಲವೂ ‘ಟಕ್’ ಎಂಬ ಸದ್ದು ಬಂದಿತು. ಅವರು ನನ್ನತ್ತ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ.

ಆದುದರಿಂದ ಕೆಲವು ವರ್ಷಗಳ ಹಿಂದೆ ನನ್ನ ಸೋದರಳಿಯ, “ಮಾವ, ಇದಕ್ಕಿಂತ ಸಿ.ಡಿ.ಯ ಧ್ವನಿಯೇ ಸ್ಪಷ್ಟವಲ್ಲವೆ?” ಎಂದಾಗ ನನಗೆ ಕೋಪವೇ ಬಂದಿತು. ಗಾಯಕನ ದನಿಯಿಂದ ಗಾಳಿ ಹೇಗೆ ಕಂಪಿಸಿತೋ ಹಾಗೆಯೇ ತಟ್ಟೆಯ ಸುರುಳಿಗೆರೆ ಅಂಕುಡೊಂಕಾಗಿರುತ್ತದೆ. ಅದರಲ್ಲಿ ಓಡುವ ಮುಳ್ಳು ಮರಳಿ ಹಾಗೆಯೇ ಕಂಪಿಸುತ್ತದೆ. ಧ್ವನಿಯ ಅಚ್ಚೇ ಅಲ್ಲಿದೆ. 1982ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಸಿ.ಡಿ.ಯಲ್ಲಾದರೋ ಇರುವುದು ಬರಿಯ ಅಂಕಿಗಳು. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದೆಂದು ಬರೆದಿಡುತ್ತಾರೆ. “ಎರಡು ಅಳತೆಗಳ ನಡುವಣ ಸಂಗೀತ ಎಲ್ಲಿಗೆ ಹೋಯಿತಪ್ಪ?” ಎಂದು ಕೇಳಿ, ವಾದದಲ್ಲಿ ಗೆದ್ದೆನೆಂದೇ ಭಾವಿಸಿದೆ.

ಎಲ್ಲಿಗೂ ಹೋಗಿಲ್ಲವೆಂದು ಅವನು ಶಾಂತನಾಗಿ ವಿವರಿಸಿದ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 20,000 ಕಂಪನಗಳವರೆಗೆ. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ, ಆ ಅಳತೆಗಳಿಂದಲೇ ಮೂಲದ ಅಲೆಯನ್ನು ಮರಳಿ ಕಟ್ಟಬಹುದು. ಇದನ್ನು ಕ್ಲಾಡ್ ಶ್ಯಾನನ್ ಎಂಬ ವಿಜ್ಞಾನಿ 1949ರ ಲೇಖನವೊಂದರಲ್ಲಿ ಗಣಿತದಿಂದ ತೋರಿಸಿದ್ದಾನೆ. ಮಟ್ಟಗಳಿಗೆ ಸರಿಹೊಂದಿಸುವಾಗ ಅತ್ಯಲ್ಪ ಗದ್ದಲ ಸೇರುವುದು ನಿಜ. ಆದರೆ ಅದು ತಟ್ಟೆಯ ಗದ್ದಲಕ್ಕಿಂತ ಎಷ್ಟೋ ಕಡಿಮೆ. ತಟ್ಟೆಗೆ ಇನ್ನೊಂದು ಕೊರತೆಯೂ ಉಂಟು. ಅದು ನಿಮಿಷಕ್ಕೆ 33⅓ ಸುತ್ತು ಎಂಬ ಒಂದೇ ವೇಗದಲ್ಲಿ ತಿರುಗುವುದರಿಂದ, ಒಳಸುತ್ತುಗಳ ಗಿಡ್ಡ ಗೆರೆಯಲ್ಲಿ ಸಂಗೀತ ಇಕ್ಕಟ್ಟಾಗಿ ಕೂರಬೇಕು. ಅಲ್ಲಿ ಧ್ವನಿ ಒಡೆಯುತ್ತದೆ. ನಮ್ಮ ಮನೆಯಲ್ಲಿ ಕಛೇರಿಯ ಮಂಗಳ ಯಾವಾಗಲೂ ಗೊಗ್ಗರಾಗಿಯೇ ಕೇಳುತ್ತಿತ್ತು. ಅದು ವಿದ್ವಾಂಸರ ಆಯಾಸವೆಂದು ನಾವು ನಂಬಿದ್ದೆವು!

ಆದರೂ ನಾನು ಸೋಲೊಪ್ಪಲಿಲ್ಲ. ಮರುವಾರ ಅವನು ನನ್ನನ್ನು ಗೋಡೆಗೆ ಮುಖಮಾಡಿ ಕೂರಿಸಿ ಹಾಡೊಂದನ್ನು ಕೇಳಿಸಿದ. ಅದೇ ಚರಚರ, ಪಲ್ಲವಿಯ ನಡುವೆ ಅದೇ ‘ಟಕ್’. “ಇದೇ ನೋಡು ತಟ್ಟೆ!” ಎಂದು ತಿರುಗಿದೆ. ತಟ್ಟೆ ಮೇಜಿನ ಮೇಲೆ ತನ್ನ ಲಕೋಟೆಯೊಳಗೇ ಇತ್ತು. ಹಿಂದಿನ ದಿನವೇ ಅವನು ಅದರ ಧ್ವನಿಯನ್ನು ಸಿ.ಡಿ.ಗೆ ಇಳಿಸಿಕೊಂಡಿದ್ದ.

“ನುಡಿಸಿದಷ್ಟೂ ಮುಳ್ಳು ಗೆರೆಯನ್ನು ಸವೆಸುತ್ತದೆ ಮಾವ, ಇನ್ನು ಇದನ್ನೇ ಕೇಳಿ. ಕಂಪ್ಯೂಟರಿನಲ್ಲಿ ಆ ‘ಟಕ್’ ಸದ್ದನ್ನೂ ಅಳಿಸಬಹುದು, ಅಳಿಸಲೆ?” ಎಂದ.

ಬೇಡವೆಂದೆ. ತಟ್ಟೆ ಈಗ ಬೀರುವಿನಲ್ಲಿದೆ. ಸಂಜೆ ಸಿ.ಡಿ.ಯಲ್ಲಿ ಆ ಸದ್ದು ಬಂದಾಗ ನಾನು ಇಂದಿಗೂ ತಂದೆಯವರ ಕುರ್ಚಿಯತ್ತ ನೋಡುತ್ತೇನೆ.