ಪಂಕ್ತಿಯಲ್ಲಿ ಯಾರು ಕಾಯಬಲ್ಲರು?

ದಾಸೋಹದ ಮನೆಯಲ್ಲಿ ಬಡಿಸುತ್ತ ಬೆಳೆದ ನಮಗೆ ಒಂದು ಮಾತು ಬಾಲ್ಯದಿಂದಲೇ ಮನದಟ್ಟಾಗಿದೆ. ಪಂಕ್ತಿಯಲ್ಲಿ ಭೇದವಿರಕೂಡದು, ಆದರೆ ಹಸಿದ ಕೂಸನ್ನೂ ನಿತ್ರಾಣಗೊಂಡ ವೃದ್ಧರನ್ನೂ ಕಾಯಿಸಕೂಡದು. ಈ ವಿವೇಕವು ಇಂದು ಮನೆಯ ಮೂಲೆಯಲ್ಲಿ ಮಿನುಗುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಗೂ ಬೇಕಾಗಿದೆ.

ನಮ್ಮ ಆಪ್ತರ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯವರು ದೂರದೂರಿನ ವೈದ್ಯರೊಡನೆ ಅಂತರ್ಜಾಲದ ಕರೆಯಲ್ಲಿ ಮಾತನಾಡುತ್ತಾರೆ. ಗುಳಿಗೆ ಅರ್ಧ ನುಂಗಿದಿರೋ ಒಂದೂವರೆಯೋ ಎಂದು ಅವರು ಕೇಳಿದರೆ, ಉತ್ತರವು ಅತ್ತ ತುಂಡುತುಂಡಾಗಿ ತಲಪುತ್ತಿತ್ತು. ಹೆಚ್ಚು ವೇಗದ ಸಂಪರ್ಕ ಕೊಳ್ಳೋಣವೆಂದರು ಮಗ. ಕಾರಣ ಬೇರೆಯಿತ್ತು. ಅದೇ ವೇಳೆಗೆ ಮೊಮ್ಮಗನ ಮೊಬೈಲು ಮದುವೆಯ ನೂರಾರು ಚಿತ್ರಗಳನ್ನು ತಾನಾಗಿಯೇ ಹೊರಗೆ ಕಳುಹಿಸುತ್ತಿತ್ತು.

ಲೆಕ್ಕ ಸರಳವಾಗಿದೆ. ಮನೆಯಿಂದ ಹೊರಹೋಗುವ ದಾರಿ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ, 4 ಮೆಗಾಬೈಟಿನ ಒಂದು ಚಿತ್ರವೇ ಅದನ್ನು 6 ಸೆಕೆಂಡಿಗೂ ಮಿಕ್ಕಿ ಹಿಡಿದಿಡುತ್ತದೆ. ಧ್ವನಿಗೆ ಬೇಕಾದುದಾದರೋ ಸುಮಾರು 100 ಕಿಲೋಬಿಟ್, ಎಂದರೆ ದಾರಿಯ ಐವತ್ತನೆಯ ಒಂದು ಪಾಲು. ಸ್ಥಳವಿಲ್ಲದೆ ಧ್ವನಿ ಕೆಡುವುದಿಲ್ಲ, ಸಾಲಿನಲ್ಲಿ ನಿಂತು ಕೆಡುತ್ತದೆ. ಸಂಭಾಷಣೆ ಸರಾಗವಾಗಿರಬೇಕಾದರೆ ಮಾತು 150 ಮಿಲಿಸೆಕೆಂಡಿನೊಳಗೆ ಮುಟ್ಟಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಮುಂದೆ 5 ಮೆಗಾಬಿಟ್ಟಿನ ಸಾಲಿದ್ದರೆ ಕಾಯುವಿಕೆಯೇ ಒಂದು ಸೆಕೆಂಡ್!

ಹಲವು ರೂಟರುಗಳಲ್ಲಿ ಇದಕ್ಕೆ 'ಕ್ಯೂಓಎಸ್' ಎಂಬ ಏರ್ಪಾಡಿದೆ. ಮೊದಲು ಹೊರದಾರಿಯ ಮಿತಿಯನ್ನು ಅಳೆದ ವೇಗದ ನೂರಕ್ಕೆ 90ರಷ್ಟಕ್ಕೆ, ಇಲ್ಲಿ 4.5 ಮೆಗಾಬಿಟ್ಟಿಗೆ, ಇಳಿಸಬೇಕು. ಇದ್ದುದನ್ನೇ ಕಡಿಮೆ ಮಾಡುವುದೇಕೆ? ಸಾಲು ಮುಂದಿನ ಮೋಡೆಮ್ಮಿನಲ್ಲಿ ಬೆಳೆದರೆ ಅದು ನಮ್ಮ ಕೈಗೆ ಸಿಗದು. ನಮ್ಮ ರೂಟರಿನಲ್ಲೇ ನಿಂತರೆ ಮಾತ್ರ ಅದನ್ನು ನಾವು ಆಳಬಹುದು. ಆ ಬಳಿಕ ಕರೆ ಮಾಡುವ ಸಾಧನಕ್ಕೆ ಮೊದಲ ಸರದಿ ಕೊಡಬೇಕು. 2018ರಲ್ಲಿ ಅಂತರ್ಜಾಲದ ತಾಂತ್ರಿಕ ಮಂಡಳಿಯು ಪ್ರಕಟಿಸಿದ 'ಎಫ್‌ಕ್ಯೂ ಕೋಡೆಲ್' ಕ್ರಮವಿರುವ ರೂಟರಾದರೆ, ಅದು ಪ್ರತಿಯೊಂದು ಹರಿವಿಗೂ ಸರದಿಯಂತೆ ಬಡಿಸಿ, ಸಾಲು ಬೆಳೆಯದಂತೆ ತಾನೇ ನೋಡಿಕೊಳ್ಳುತ್ತದೆ.

ಎರಡು ಎಚ್ಚರಗಳು ಅವಶ್ಯ. ಎಲ್ಲರನ್ನೂ ಮೊದಲಿಗರೆಂದು ಗುರುತಿಸಿದರೆ ಮೊದಲಿಗರೇ ಇಲ್ಲದಂತಾಗುತ್ತದೆ. ಒಬ್ಬರಿಗೆ ಮಿತಿಯಿಲ್ಲದ ಅಗ್ರಸ್ಥಾನ ಕೊಟ್ಟರೆ ಉಳಿದವರು ಉಪವಾಸ ಬೀಳುತ್ತಾರೆ. ಆದ್ದರಿಂದ ಅಗ್ರಸ್ಥಾನಕ್ಕೂ ಒಂದು ಮಿತಿಯಿರಲಿ. ಇಷ್ಟಾದರೂ ನಮ್ಮ ನಿಯಮ ನಮ್ಮ ಹೊಸ್ತಿಲವರೆಗೆ ಮಾತ್ರ. ಹೊರಗಿನ ಜಾಲ ಅದನ್ನು ಪಾಲಿಸಲೇಬೇಕೆಂದಿಲ್ಲ.

ಸಮಾನತೆ ಎಂದರೆ ಎಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ಅಳತೆ ಎಂದು ನಾವು ತಿಳಿದಿಲ್ಲ. ಯಾರೂ ಬರಿಗೈಯಲ್ಲಿ ಏಳಬಾರದು, ತಾಳಲಾರದವರು ಕಾಯಬಾರದು, ಇದೇ ಸಮಾನತೆ. ಮದುವೆಯ ಚಿತ್ರಗಳು ರಾತ್ರಿ ಹೋದರೂ ಬಣ್ಣ ಮಾಸುವುದಿಲ್ಲ. ಆದರೆ ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂಬುದನ್ನು ಯಂತ್ರ ಅರಿಯದು. ಅದನ್ನು ಮನೆಮಂದಿ ಒಟ್ಟಿಗೆ ಕುಳಿತು ನಿರ್ಣಯಿಸಬೇಕು.