ಅರ ಜಾರಿದರೆ ಟ್ಯಾಪ್ ಹಾಕಬೇಡಿ

ಟ್ಯಾಪ್ ಅಂದರೆ ಮನೆಯಲ್ಲಿ ನೀರಿನ ನಲ್ಲಿ. ವರ್ಕ್‌ಶಾಪಿನಲ್ಲಿ ಹಾಗಲ್ಲ. ಅಲ್ಲಿ ಟ್ಯಾಪ್ ಅಂದರೆ ತೂತಿನ ಒಳಗೆ ಬೋಲ್ಟ್ ಕೂರುವ ಹಾಗೆ ಥ್ರೆಡ್ ಕೊರೆಯುವ ಹತ್ಯಾರ.

ನಮ್ಮ ಕಡೆ ಈ ಸಣ್ಣ ಹತ್ಯಾರದ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಭಟ್ಕಳ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿಯಲ್ಲಿ ಬೋಟು ನಿಂತಿರುವಾಗಲೇ ಎಂಜಿನ್ ಕೆಲಸ ಮುಗಿಯಬೇಕು. ಆಗ ಒಂದು ಟ್ಯಾಪ್ ತೂತಿನೊಳಗೆ ಮುರಿದು ಕೂತರೆ ಆಗಸ್ಟ್ 1ರ ಲೆಕ್ಕವೇ ತಪ್ಪುತ್ತದೆ. ಮಾಲೀಕರೊಬ್ಬರಿಗಷ್ಟೇ ಅಲ್ಲ, ಬೋಟಿನಲ್ಲಿ ದುಡಿಯುವ ಎಲ್ಲರ ಮನೆಗೂ ಅದು ನಷ್ಟ.

ಮುರಿದ ಟ್ಯಾಪ್ ಯಾಕೆ ಅಷ್ಟು ಕಷ್ಟ? ಟ್ಯಾಪ್ ತುಂಬಾ ಗಟ್ಟಿ, ಆದರೆ ಗಾಜಿನ ಹಾಗೆ ಬಾಗದೆ ಮುರಿಯುವಂಥದ್ದು. ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ವಿದ್ಯುತ್ ಕಿಡಿಯಿಂದ ಅದನ್ನು ಸುಟ್ಟು ತೆಗೆಯುವ ಯಂತ್ರವಿದೆ, ಆದರೆ ಅದು ಸಣ್ಣ ಅಂಗಡಿಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಪಂಚ್‌ನಿಂದ ಹೊಡೆದು ಚೂರು ಮಾಡಿ ತೆಗೆಯುವವರು ಕಣ್ಣಿಗೆ ಕನ್ನಡಕ ಹಾಕಲೇಬೇಕು.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಅರದಿಂದ. ನಾವು ನೋಡಿದ ಒಳ್ಳೆಯ ಮೇಸ್ತ್ರಿಗಳೆಲ್ಲ ಮೊದಲು ಉಕ್ಕಿನ ಅಂಚಿಗೆ ಹೊಸ ಅರ ಎಳೆದು ನೋಡುತ್ತಾರೆ. ಅರ ಸುಲಭವಾಗಿ ಕಚ್ಚಿದರೆ ಮಾಮೂಲಿ ಎಚ್‌ಎಸ್‌ಎಸ್ ಟ್ಯಾಪ್ ಸಾಕು. ಕಷ್ಟಪಟ್ಟು ಕಚ್ಚಿದರೆ ಕೋಬಾಲ್ಟ್ ಬೆರೆತ ಟ್ಯಾಪ್ ಬೇಕು. ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಆ ಉಕ್ಕು ಹೆಚ್ಚುಕಡಿಮೆ ಟ್ಯಾಪಿನಷ್ಟೇ ಗಟ್ಟಿ. ಅಲ್ಲಿ ಕೈ ಟ್ಯಾಪ್ ಹಾಕುವುದು ಬೇಡ. ಕಾರ್ಬೈಡ್ ಟ್ಯಾಪ್ ಇದೆ, ಆದರೆ ಅದು ಅಲುಗಾಡದ ಯಂತ್ರದಲ್ಲಿ ಹಾಕುವಂಥದ್ದು. ಕೈಯಲ್ಲಿ ಸ್ವಲ್ಪ ವಾಲಿದರೂ ಮುರಿಯುತ್ತದೆ.

ಕಾಯಿಸಿ ಬೂದಿಯಲ್ಲಿ ಹೂತು ನಿಧಾನ ಆರಿಸಿದರೆ ಉಕ್ಕು ಮೆದುವಾಗುತ್ತದೆ, ನಿಜ. ಆದರೆ ಲಾರಿ ಪಾಟಾವನ್ನು ಹಾಗೆ ಕಾಯಿಸಿದರೆ ಅದರ ಸ್ಪ್ರಿಂಗ್ ಗುಣವೇ ಹೋಗುತ್ತದೆ. ಭಾರ ಹೊರುವ ಭಾಗಕ್ಕೆ ಕ್ಲ್ಯಾಂಪ್ ಹಾಕುವ ದಾರಿ ಹುಡುಕುವುದೇ ಜಾಣತನ.

ಕಡಲ ಉಪ್ಪಿಗೆ ಹೆದರಿ ನಾವು ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಬಳಸುತ್ತೇವೆ. ಅದರಲ್ಲಿ ಅರ ಕಚ್ಚುತ್ತದೆ, ಆದರೂ ಟ್ಯಾಪ್ ಮುರಿಯುತ್ತದೆ. ಕಾರಣ, 304, 316 ನಂಬರಿನ ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಮೊಂಡು ಬಿಟ್ ಕೊರೆಯದೆ ಬರೀ ತಿರುಗಿದರೆ ತೂತಿನ ಗೋಡೆ ಗಟ್ಟಿಯಾಗಿ, ಮುಂದೆ ಬರುವ ಟ್ಯಾಪ್ ಅದರ ಶಿಕ್ಷೆ ಅನುಭವಿಸುತ್ತದೆ. ಚೂಪಾದ ಬಿಟ್, ಕಡಿಮೆ ವೇಗ, ಬಿಡದ ಒತ್ತಡ ಇರಲಿ.

ತೂತಿನ ಅಳತೆಗೆ ಸುಲಭ ಲೆಕ್ಕವಿದೆ. ಬೋಲ್ಟಿನ ಅಳತೆಯಿಂದ ಥ್ರೆಡ್ಡಿನ ಪಿಚ್ ಕಳೆಯಿರಿ. 10 ಮಿ.ಮೀ. ಬೋಲ್ಟ್, ಪಿಚ್ 1.5 ಆದರೆ 8.5ರ ಬಿಟ್. ಗಟ್ಟಿ ಉಕ್ಕಿಗೆ 8.6 ಹಾಕಿದರೆ ಟ್ಯಾಪಿನ ಮೇಲಿನ ಹೊರೆ ಇಳಿಯುತ್ತದೆ, ಥ್ರೆಡ್ಡೂ ಹಿಡಿಯುತ್ತದೆ. 8 ಮಿ.ಮೀ. ಬೋಲ್ಟಿಗೆ, ಪಿಚ್ 1.25 ಆದರೆ, 6.8.

ಕೈ ಟ್ಯಾಪ್ ಮೂರರ ಸೆಟ್ಟಾಗಿ ಬರುತ್ತದೆ. ತುದಿ ಹೆಚ್ಚು ಇಳಿಜಾರಾದದ್ದು ಮೊದಲು, ಬುಡದವರೆಗೆ ಕೊರೆಯುವುದು ಕೊನೆಗೆ. ಗಡಿಬಿಡಿಯಲ್ಲಿ ಒಂದರಲ್ಲೇ ಮುಗಿಸಲು ಹೊರಟರೆ ಅಪಾಯ. ಟ್ಯಾಪ್ ನೇರ ನಿಂತಿದೆಯೇ ಎಂದು ಗುಣ್ಯ ಹಿಡಿದು ಎರಡು ಬದಿಯಿಂದ ನೋಡಿ. ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಸಮವಾಗಿ ಹಿಡಿಯಿರಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆಗ ಚೂರು ತುಂಡಾಗುತ್ತದೆ. ಆಚೆ ಬದಿ ಮುಚ್ಚಿದ ತೂತಾದರೆ ಆಗಾಗ ಟ್ಯಾಪ್ ಹೊರತೆಗೆದು ಚೂರು ತೆಗೆಯಿರಿ. ಉಕ್ಕಿಗೆ ಕಟಿಂಗ್ ಆಯಿಲ್ ಬಿಡಿ; ಎಂಜಿನ್ನಿಂದ ಇಳಿಸಿದ ಹಳೆ ಆಯಿಲ್ ಆ ಕೆಲಸಕ್ಕಲ್ಲ.

ಓದಿ ಬರುವ ವಿದ್ಯೆ ಇದಷ್ಟೇ. ಉಳಿದದ್ದು ಕೈಯಲ್ಲಿದೆ. ಮುರಿಯುವ ಮೊದಲು ಹ್ಯಾಂಡಲ್ ರಬ್ಬರಿನ ಹಾಗೆ ಸ್ವಲ್ಪ ತಿರುಚಿಕೊಂಡು ವಾಪಸ್ ಬರುತ್ತದೆ. ಆ ಕ್ಷಣ ಇನ್ನೂ ಸ್ವಲ್ಪ ಒತ್ತುವ ಆಸೆಯಾಗುತ್ತದೆ. ಒತ್ತಬೇಡಿ. ಹಿಂದಕ್ಕೆ ತಿರುಗಿಸಿ, ಹೊರತೆಗೆದು, ಚೂರು ಒರೆಸಿ, ಹಲ್ಲು ನೋಡಿ. ಮೊಂಡಾಗಿದ್ದರೆ ಹೊಸದು ತನ್ನಿ. ಹೊಸ ಟ್ಯಾಪಿನ ದುಡ್ಡು ನಿಂತ ಬೋಟಿನ ಒಂದು ದಿನದ ನಷ್ಟಕ್ಕೆ ಏನೂ ಅಲ್ಲ.